ವಿಜ್ಞಾನ ದಿನದ ಫ್ಲೆಕ್ಸಿನಲ್ಲಿ ಯಾರ ಫೋಟೊ ಹಾಕಬೇಕು? ‘ನಮ್ಮವರು’ ಎಂದರೆ ಯಾರು?

ನವನಗರದ ಮಾಸ್ತರ
ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಫೆಬ್ರವರಿ 28 ಹತ್ತಿರ ಬಂತು. ನಮ್ಮಲ್ಲಿ ವಿಜ್ಞಾನ ದಿನವೆಂದರೆ ಪ್ರತಿ ವರ್ಷ ಸಿ.ವಿ. ರಾಮನ್ ಅವರ ಫೋಟೊಕ್ಕೆ ಹಾರ, ಎರಡು ಊದುಬತ್ತಿ, ಒಂದು ಭಾಷಣ ಸ್ಪರ್ಧೆ, ಕೊನೆಗೆ ಚುರುಮುರಿ. ಈ ಸಲ ಬದಲಿಸೋಣ, ಸಂಶೋಧನೆಗಾಗಿ ಜಗತ್ತಿನ ದೊಡ್ಡ ಪ್ರಶಸ್ತಿ ಪಡೆದವರನ್ನು ಮಕ್ಕಳಿಗೆ ಪರಿಚಯಿಸೋಣ ಎಂದೆ. ಎಸ್‌ಡಿಎಂಸಿ ಅಧ್ಯಕ್ಷರಿಗೆ ಖುಷಿಯಾಯಿತು. ಹತ್ತು ಅಡಿಯ ಫ್ಲೆಕ್ಸಿನ ಖರ್ಚು ತಾವೇ ಕೊಡುವುದಾಗಿ ಹೇಳಿದರು. ಆದರೆ ಒಂದು ಷರತ್ತು: ಫೋಟೊದಲ್ಲಿರುವವರು ‘ನಮ್ಮವರೇ’ ಆಗಿರಬೇಕು.

ಪೇಚು ಶುರುವಾದದ್ದು ಅಲ್ಲಿಂದ. ನಾನು ಖಗೋಳ ವಿಜ್ಞಾನಿ ಶ್ರೀನಿವಾಸ ಕುಲಕರ್ಣಿ ಅವರ ಹೆಸರು ಹೇಳಿದೆ. ಹಾಂಗ್‌ಕಾಂಗ್‌ನಲ್ಲಿ ಕೊಡುವ ಅಂತರರಾಷ್ಟ್ರೀಯ ವಿಜ್ಞಾನ ಪ್ರಶಸ್ತಿಯಾದ ಶಾ ಪ್ರಶಸ್ತಿಯನ್ನು 2024ರಲ್ಲಿ ಪಡೆದವರು, ಹುಬ್ಬಳ್ಳಿಯಲ್ಲಿ ಬೆಳೆದವರು. ‘ಹುಬ್ಬಳ್ಳಿ ಧಾರವಾಡ ಜಿಲ್ಲೆಗೆ ಬಂತಲ್ಲ, ನಮ್ಮ ಜಿಲ್ಲೆಯವರು ಒಬ್ಬರೂ ಇಲ್ಲವೇ?’ ಎಂದರು ಅಧ್ಯಕ್ಷರು. ಅದನ್ನಾದರೂ ನುಂಗಿಕೊಂಡೆ. ಮರುದಿನ ನಮ್ಮ ಕನ್ನಡದ ಅಕ್ಕನವರು ಕೇಳಿದ ಪ್ರಶ್ನೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ: ‘ಅವರು ಕಂಡುಹಿಡಿದದ್ದು ಏನು, ಮಾಸ್ತರರೇ?’ ‘ನಕ್ಷತ್ರಗಳ ಬಗ್ಗೆ...’ ಎಂದು ಶುರು ಮಾಡಿದವನು ಅಲ್ಲಿಯೇ ನಿಂತೆ. ಭೌತಶಾಸ್ತ್ರ ಓದಿ ಹತ್ತೊಂಬತ್ತು ವರ್ಷ ಪಾಠ ಮಾಡಿದವನು!

ನನಗೆ ಎರಡು ಸಹಾಯ ಬೇಕು. ಯಾರ ಫೋಟೊ ಹಾಕಲಿ? ಅವರು ಮಾಡಿದ್ದನ್ನು ಎಂಟನೆಯ ತರಗತಿಯ ಮಕ್ಕಳಿಗೆ ಹೇಗೆ ಹೇಳಲಿ?

ಕುಂದಾಪ್ರಿಯ
ಕುಲಕರ್ಣಿ ಅವರು ಹುಟ್ಟಿದ್ದು ಕುರುಂದವಾಡದಲ್ಲಿ. ನರಸೋಬನ ವಾಡಿಯ ಪಕ್ಕದ ಊರು. ಬೆಳಗಾವಿಯ ನಾವು ಹುಣ್ಣಿಮೆಗೊಮ್ಮೆ ಹೋಗಿಬರುತ್ತೇವೆ. ಹಾಗಾಗಿ ಅವರು ಅರ್ಧ ನಮ್ಮವರು.

ಟಿಳಕವಾಡಿ ಕಾಕಾ
ಮೆಲ್ಲಗೆ ಹೇಳು ತಮ್ಮಾ. ಕುರುಂದವಾಡ ಕೊಲ್ಲಾಪುರ ಜಿಲ್ಲೆ. ಗಡಿಯ ವಿಷಯಕ್ಕೆ ನಕ್ಷತ್ರಗಳನ್ನೂ ಎಳೆದರೆ ಬೆಳಗಾವಿಯಲ್ಲಿ ಮತ್ತೆ ಬಸ್ ನಿಲ್ಲುತ್ತವೆ.

ಗೋಳಗುಮ್ಮಟ
ಇಷ್ಟು ಒದ್ದಾಟ ಏಕೆ? ನಮ್ಮ ವಿಜಯಪುರದ ಭಾಸ್ಕರಾಚಾರ್ಯರ ಚಿತ್ರ ಹಾಕಿ. 1114ರಲ್ಲಿ ಹುಟ್ಟಿದ ಗಣಿತಜ್ಞ. ಆಗ ನೊಬೆಲ್ ಇದ್ದಿದ್ದರೆ ಹತ್ತು ಸಲ ಬರುತ್ತಿತ್ತು.

ಟಿಳಕವಾಡಿ ಕಾಕಾ
ಗಣಿತಕ್ಕೆ ನೊಬೆಲ್ ಇಲ್ಲ. ಇನ್ನು ಊರಿನ ಮಾತು. ಭಾಸ್ಕರರು ತಮ್ಮ ಊರನ್ನು ‘ವಿಜ್ಜಡವಿಡ’ ಎಂದು ಕರೆದಿದ್ದಾರೆ, ಅದು ಸಹ್ಯ ಪರ್ವತದ ಆಶ್ರಯದಲ್ಲಿದೆ ಎಂದೂ ಹೇಳಿದ್ದಾರೆ. ವಿಜಯಪುರದಲ್ಲಿ ನಿಂತು ನೋಡಿದರೆ ಸಹ್ಯಾದ್ರಿ ಕಾಣುತ್ತದೆಯೇ? ಅವರ ಮೊಮ್ಮಗ ಚಾಂಗದೇವನ ಶಾಸನ ಸಿಕ್ಕಿರುವುದು ಖಾನದೇಶದ ಪಾಟಣದಲ್ಲಿ, ಚಾಳೀಸಗಾವದ ಹತ್ತಿರ. ವಿದ್ವಾಂಸರಲ್ಲಿ ಅನೇಕರು ಆ ಕಡೆಗೇ ಒಲಿದಿದ್ದಾರೆ.

ಗೋಳಗುಮ್ಮಟ
ವಿಜ್ಜಡವಿಡ ಎಂದರೆ ವಿಜಯಪುರವೇ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ ಕಾಕಾ. ಈಗ ನೀವು ಬಂದು ನಮ್ಮ ಊರಿನ ಒಬ್ಬನೇ ಗಣಿತಜ್ಞನನ್ನೂ ಕಸಿದುಕೊಂಡರೆ ಹೇಗೆ?

ಟಿಳಕವಾಡಿ ಕಾಕಾ
ನಾನು ಕಸಿದುಕೊಂಡದ್ದಲ್ಲ, ಸಹ್ಯಾದ್ರಿ ಕಸಿದುಕೊಂಡಿತು.

ಅಂಕಿಸಂಖ್ಯೆ ಅಕ್ಕ
ಇಬ್ಬರೂ ಊರು ಹುಡುಕುತ್ತಿದ್ದೀರಿ, ಲೆಕ್ಕ ಯಾರೂ ಹೇಳಲಿಲ್ಲ. ಭಾಸ್ಕರರ ಚಿತ್ರ ಹಾಕುವುದಾದರೆ ಕೆಳಗೆ ಇದನ್ನು ಬರೆಯಿರಿ: ಒಂದು ಪೂರ್ಣ ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಇನ್ನೊಂದು ವರ್ಗವೇ ಬರಬೇಕು. ಸೊನ್ನೆಯನ್ನು ಬಿಟ್ಟರೆ ಆ ಅತಿ ಚಿಕ್ಕ ಸಂಖ್ಯೆ ಯಾವುದು? ಮಕ್ಕಳು 1, 2, 3 ಎಂದು ಶುರು ಮಾಡುತ್ತಾರೆ. ಉತ್ತರ 22,61,53,980. ಒಂದೊಂದಾಗಿ ಹಾಕಿ ನೋಡುತ್ತ ಕುಳಿತರೆ ಮದುವೆಯಾಗಿ ಮೊಮ್ಮಕ್ಕಳಾಗುತ್ತಾರೆ. ಭಾಸ್ಕರರು ಚಕ್ರವಾಲ ಎಂಬ ವಿಧಾನದಿಂದ ಕೆಲವೇ ಹೆಜ್ಜೆಗಳಲ್ಲಿ ತಲುಪಿದರು. 1657ರಲ್ಲಿ ಫ್ರಾನ್ಸಿನ ಫರ್ಮಾ ಇದೇ 61ನ್ನು ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಎಸೆದರು, ಇಲ್ಲಿ ಅದು ಐನೂರು ವರ್ಷ ಹಿಂದೆಯೇ ಬಿಡಿಸಿ ಆಗಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಊರು ಯಾವುದಾದರೂ ಇರಲಿ, ಈ ಲೆಕ್ಕ ನಮ್ಮದೇ.

ಗೋಳಗುಮ್ಮಟ
ಅಕ್ಕ, ಅರ್ಧ ಗಂಟೆ ಕ್ಯಾಲ್ಕುಲೇಟರ್ ಒತ್ತಿದೆ. ಪರದೆಯ ಮೇಲೆ ಅಂಕಿ ಹಿಡಿಸಲಿಲ್ಲ.

ಖಣದಂಗಡಿ
ಶಾಲು ಎಷ್ಟು ಬೇಕು ಹೇಳಿ ಮಾಸ್ತರರೇ. ಗುಳೇದಗುಡ್ಡದ ಖಣದಲ್ಲಿ ಅಂಚು ಕಟ್ಟಿಸಿ ಕೊಡುತ್ತೇನೆ. ವಿಜ್ಞಾನಿಗಳಿಗೆ ರಿಯಾಯಿತಿ ಇದೆ.

ನವನಗರದ ಮಾಸ್ತರ
ಫೋಟೊಕ್ಕೆ ಶಾಲು ಹೊದಿಸುವುದಿಲ್ಲ ಸಾಹುಕಾರರೇ.

ಅಂಕಿಸಂಖ್ಯೆ ಅಕ್ಕ
ಮಾಸ್ತರರೇ, ನಾನು ವಿಜಯಪುರದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ನನ್ನನ್ನು ಕೇಳಿದರೆ ಮೊದಲ ಫೋಟೊ ಸಿ.ಆರ್. ರಾವ್ ಅವರದು. ಹುಟ್ಟಿದ್ದು 1920ರಲ್ಲಿ, ಹೂವಿನ ಹಡಗಲಿಯಲ್ಲಿ. ಆಗ ಮದ್ರಾಸ್ ಪ್ರಾಂತ್ಯ, ಈಗ ವಿಜಯನಗರ ಜಿಲ್ಲೆ. ಇಪ್ಪತ್ತೈದನೆಯ ವಯಸ್ಸಿಗೆ, 1945ರಲ್ಲಿ, ಕಲ್ಕತ್ತೆಯ ಒಂದು ಗಣಿತ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದಕ್ಕಾಗಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದದ್ದು 2023ರಲ್ಲಿ. ನಡುವೆ ಎಪ್ಪತ್ತೆಂಟು ವರ್ಷ! ಅವರಿಗೆ ಆಗ ನೂರಾ ಎರಡು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು.

ಪ್ರಶಸ್ತಿಯ ಸುದ್ದಿ ಬಂದ ದಿನ ನಮ್ಮ ವಿಭಾಗದಲ್ಲಿ ಪೇಢೆ ಹಂಚಿದೆ. ಪಕ್ಕದ ವಿಭಾಗದವರು ‘ಮಗನಿಗೆ ಕನ್ಯೆ ನಿಶ್ಚಯವಾಯಿತೇ?’ ಎಂದು ಕೇಳಿದರು.

ಎಪಿಎಂಸಿ ದಲಾಲಿ
ಅಕ್ಕನವರೇ, ಸಿಟ್ಟಾಗಬೇಡಿ. ಅವರು ಮಾಡಿದ್ದು ಏನು? ನಾನು ಪಿಯುಸಿ ನಾಪಾಸು, ಆದರೆ ವ್ಯವಹಾರ ತಿಳಿಯುತ್ತದೆ.

ಅಂಕಿಸಂಖ್ಯೆ ಅಕ್ಕ
ನಿಮಗೇ ಎಲ್ಲರಿಗಿಂತ ಬೇಗ ತಿಳಿಯುತ್ತದೆ ಅಣ್ಣ. ಜೋಳದ ಲಾಟು ಬಂದಾಗ ನೀವು ಎಲ್ಲ ಚೀಲ ಸುರಿಯುತ್ತೀರಾ? ಇಲ್ಲ. ನಾಲ್ಕು ಚೀಲಕ್ಕೆ ಮೊನೆಯ ಕೊಳವೆ ಚುಚ್ಚಿ ಹಿಡಿಯಷ್ಟು ಕಾಳು ತೆಗೆದು, ಅಂಗೈಯಲ್ಲಿ ಹರಡಿ, ಇಷ್ಟು ತೇವ ಇದೆ, ಇಷ್ಟು ಕಸ ಇದೆ ಎನ್ನುತ್ತೀರಿ. ಅದು ಅಂದಾಜು. ಅಂದಾಜಿನಲ್ಲಿ ತಪ್ಪು ಇದ್ದೇ ಇರುತ್ತದೆ. ರಾವ್ ಅವರು ತೋರಿಸಿದ ಒಂದು ಸಂಗತಿ ಇದು: ಕೈಯಲ್ಲಿರುವ ಮಾದರಿ ಇಷ್ಟೇ ಎಂದಾದರೆ, ಪಕ್ಷಪಾತವಿಲ್ಲದೆ ಅಂದಾಜು ಮಾಡುವವರು ಎಂಥ ಜಾಣರೇ ಆಗಿರಲಿ, ಸರಾಸರಿ ತಪ್ಪು ಒಂದು ಮಿತಿಗಿಂತ ಕೆಳಗೆ ಇಳಿಯುವುದಿಲ್ಲ. ಆ ಮಿತಿಯನ್ನು ಮೊದಲೇ ಲೆಕ್ಕ ಹಾಕಬಹುದು. ಸ್ವೀಡನ್ನಿನ ಕ್ರಾಮರ್ ಕೂಡ ಸ್ವತಂತ್ರವಾಗಿ ಅದನ್ನು ಕಂಡಿದ್ದರಿಂದ ಇಬ್ಬರ ಹೆಸರೂ ಸೇರಿ ಕ್ರಾಮರ್–ರಾವ್ ಮಿತಿ ಎನ್ನುತ್ತಾರೆ. ಅದೇ ಪ್ರಬಂಧದಲ್ಲಿ ಇನ್ನೂ ಎರಡು ದೊಡ್ಡ ವಿಚಾರಗಳಿದ್ದವು. ಒಂದು, ಒರಟು ಅಂದಾಜನ್ನು ತಿದ್ದಿ ಉತ್ತಮಗೊಳಿಸುವ ದಾರಿ. ಇನ್ನೊಂದು, ಅಂಕಿಅಂಶಗಳಿಗೆ ಜ್ಯಾಮಿತಿಯ ಕಣ್ಣು ಕೊಟ್ಟದ್ದು.

ಎಪಿಎಂಸಿ ದಲಾಲಿ
ತಿಳಿಯಿತು. ಅಂದರೆ ರೈತ ‘ಇನ್ನೆರಡು ಚೀಲಕ್ಕೆ ಚುಚ್ಚಿ ನೋಡಿ’ ಎಂದು ಜಗಳ ಮಾಡುವುದು ಶಾಸ್ತ್ರಬದ್ಧ.

ಅಂಕಿಸಂಖ್ಯೆ ಅಕ್ಕ
ನೂರಕ್ಕೆ ನೂರು.

ಘಟಪ್ರಭಾ
ಎಲ್ಲರೂ ಸಂಭ್ರಮದಲ್ಲಿದ್ದೀರಿ, ನಾನು ಅಪಸ್ವರ ಎತ್ತುತ್ತೇನೆ. ಪ್ರಶಸ್ತಿ ಬಂದ ಮೇಲೆ ಮೆರವಣಿಗೆ ಮಾಡುವುದರಲ್ಲಿ ನಮ್ಮ ದೊಡ್ಡತನ ಏನಿದೆ? ಹಾಂಗ್‌ಕಾಂಗ್‌ನಲ್ಲೋ ಸ್ಟಾಕ್‌ಹೋಮ್‌ನಲ್ಲೋ ಯಾರೋ ಓದಿ, ತೂಗಿ, ಆರಿಸಿದರು. ನಾವು ಒಂದು ಸಾಲೂ ಓದದೆ ‘ನಮ್ಮವರು’ ಎಂದು ಜಿಗಿಯುತ್ತೇವೆ. ಕುಲಕರ್ಣಿ ಅವರಿಗೆ ಶಾ ಪ್ರಶಸ್ತಿ ಬಂದಾಗ ಹಲವು ಸುದ್ದಿಗಳಲ್ಲಿ ತಲೆಬರಹ ಏನಿತ್ತು ನೆನಪಿದೆಯೇ? ಸುಧಾ ಮೂರ್ತಿಯವರ ತಮ್ಮ, ನಾರಾಯಣ ಮೂರ್ತಿಯವರ ಭಾವಮೈದುನ. ನಲವತ್ತು ವರ್ಷ ಆಕಾಶ ನೋಡಿದವರಿಗೆ ನಾವು ಕೊಟ್ಟ ಪರಿಚಯ ಬೀಗರ ಮನೆಯದು.

2009ರಲ್ಲಿ ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದಾಗ ಭಾರತದಿಂದ ಇಮೇಲ್‌ಗಳ ಪ್ರವಾಹ ಹರಿಯಿತು. ಅವನ್ನು ಅಳಿಸುವುದೇ ಕೆಲಸವಾಗಿದೆ ಎಂದು ಅವರು ಬೇಸತ್ತು ಹೇಳಿದರು. ಆಗಲೂ ನಮ್ಮವರು ‘ಎಷ್ಟು ಸೊಕ್ಕು’ ಎಂದು ಅವರ ಮೇಲೆಯೇ ಹರಿಹಾಯ್ದರು.

ಜಮಖಂಡಿ ದುರ್ಬೀನು
ಸ್ವಲ್ಪ ಸೊಕ್ಕು ಇದ್ದರೆ ಏನಂತೆ? ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ತನ್ನ ಕಾವ್ಯದ ಕೀರ್ತಿ ಕಾಳಿದಾಸ, ಭಾರವಿಗಳಿಗೆ ಸಮ ಎಂದು ಕಲ್ಲಿನಲ್ಲಿ ಕೆತ್ತಿಸಿದ್ದಾನೆ, 634ರಲ್ಲಿ. ಪುಲಿಕೇಶಿಯನ್ನು ಹೊಗಳಲು ಕೂತವನು ಕೊನೆಯ ಸಾಲನ್ನು ತನಗೇ ಇಟ್ಟುಕೊಂಡ. ಅಂಥ ಹೊಗಳಿಕೆಯ ಶಾಸನಕ್ಕೆ ಹೆಸರೇ ಪ್ರಶಸ್ತಿ. ನಮ್ಮ ಜಿಲ್ಲೆಯಲ್ಲಿ ಪ್ರಶಸ್ತಿಯ ಕಾರ್ಖಾನೆ ಆಗಲೇ ಇತ್ತು.

ಕುಂದಾಪ್ರಿಯ
ಅಧ್ಯಕ್ಷರಿಗೆ ಬೇಕಾದ ‘ನಮ್ಮ ಜಿಲ್ಲೆಯವರು’ ಸಿಕ್ಕರು! ರವಿಕೀರ್ತಿಯ ಫೋಟೊ ಮಾತ್ರ ಸಿಗುವುದಿಲ್ಲ.

ಘಟಪ್ರಭಾ
ನಗಿರಿ, ನಗಿರಿ. ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಹಾಸನದ ಸೊಸೆ
ಉತ್ತರ ನಾನು ಕೊಡುತ್ತೇನೆ. ತವರು ಹಾಸನ, ಮದುವೆಯಾಗಿ ಬೆಳಗಾವಿಗೆ ಬಂದವಳು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಓಣಿಯ ಹೆಂಗಸರು ಮೆರವಣಿಗೆ ಮಾಡಲಿಲ್ಲ. ಒಬ್ಬರ ಮನೆಯ ಹಾಲ್‌ನಲ್ಲಿ ಕುಳಿತು ಅವರ ಕಥೆ ಜೋರಾಗಿ ಓದಿದೆವು. ಅದುವರೆಗೆ ಒಂದು ಕಥೆಯನ್ನೂ ಓದದಿದ್ದವರು ಕಣ್ಣು ಒರೆಸಿಕೊಂಡರು. ಪ್ರಶಸ್ತಿ ಬರದಿದ್ದರೆ ಓದುತ್ತಿದ್ದೆವೇ? ಸುಳ್ಳೇಕೆ ಹೇಳಲಿ, ಇಲ್ಲ. ಆ ಪ್ರಶಸ್ತಿಯ ಹಣವನ್ನು ಅನುವಾದಕಿ ದೀಪಾ ಭಾಸ್ತಿ ಅವರ ಜೊತೆ ಸರಿಸಮ ಹಂಚುತ್ತಾರೆ, ಗೊತ್ತಲ್ಲ. ಅನುವಾದ ಮಾಡಿದವರಿಗೂ ಅರ್ಧ ಪಾಲು! ವಿಜ್ಞಾನದಲ್ಲಿ ಮಾಸ್ತರರಿಗೆ ಆ ಅರ್ಧ ಪಾಲು ಯಾರೂ ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಘಟಪ್ರಭಾ
ಸರಿ, ಇದಕ್ಕೆ ತಲೆಬಾಗಿದೆ. ಆದರೆ ಕಥೆಯನ್ನು ಹಾಲ್‌ನಲ್ಲಿ ಓದಬಹುದು. ಕುಲಕರ್ಣಿ ಅವರು ಕಂಡ ಪಲ್ಸಾರ್ ಎಂಬ ನಕ್ಷತ್ರವನ್ನು ಓದುವುದು ಹೇಗೆ?

ಜಮಖಂಡಿ ದುರ್ಬೀನು
ಕಾಯುತ್ತಿದ್ದೆ ಈ ಪ್ರಶ್ನೆಗೆ. ದೊಡ್ಡ ನಕ್ಷತ್ರವೊಂದು ಸಿಡಿದು ಸತ್ತಾಗ ಅದರ ಗಟ್ಟಿ ಬೀಜ ಕೆಲವೊಮ್ಮೆ ಉಳಿಯುತ್ತದೆ. ಸೂರ್ಯನಿಗಿಂತ ಹೆಚ್ಚಿನ ತೂಕ, ಆದರೆ ಅಡ್ಡಳತೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಜಮಖಂಡಿಯಿಂದ ಹೊರಟರೆ ಮುಧೋಳ ಬರುವಷ್ಟರಲ್ಲಿ ಮುಗಿದುಹೋಗುತ್ತದೆ. ಅದು ಗಿರಗಿರ ಸುತ್ತುತ್ತ ರೇಡಿಯೊ ಅಲೆಯ ಕಿರಣವನ್ನು ದೀಪಸ್ತಂಭದಂತೆ ಬೀಸುತ್ತದೆ. ಆ ಬೆಳಕು ನಮ್ಮ ಕಡೆ ಬಂದಾಗಲೆಲ್ಲ ಒಂದು ಮಿಡಿತ. ಇದು ಪಲ್ಸಾರ್.

1982ರವರೆಗೆ ಗೊತ್ತಿದ್ದ ಅತಿ ವೇಗದ ಪಲ್ಸಾರ್ ಸೆಕೆಂಡಿಗೆ ಸುಮಾರು 30 ಸುತ್ತು ಹಾಕುತ್ತಿತ್ತು. ಆ ವರ್ಷ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಕುಲಕರ್ಣಿ, ಡೊನಾಲ್ಡ್ ಬ್ಯಾಕರ್ ಮತ್ತು ಜೊತೆಗಾರರು ಕಂಡದ್ದು ಸೆಕೆಂಡಿಗೆ 642 ಸುತ್ತು! ನಿಮ್ಮ ಮನೆಯ ಮಿಕ್ಸರ್ ಡಬ್ಬಿಯ ಮೇಲೆ ನೋಡಿ, ನಿಮಿಷಕ್ಕೆ 18 ಸಾವಿರ ಸುತ್ತು ಎಂದು ಬರೆದಿರುತ್ತದೆ. ಸೆಕೆಂಡಿಗೆ 300 ಆಯಿತು. ಅಂದರೆ ಸೂರ್ಯನಿಗಿಂತ ಭಾರದ ಒಂದು ಮುದ್ದೆ, ಶೇಂಗಾ ಹಿಂಡಿ ಕುಟ್ಟುವ ಮಿಕ್ಸರಿನ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಸುತ್ತುತ್ತಿದೆ.

ಅಲ್ಲಿಗೇ ನಿಲ್ಲಲಿಲ್ಲ. ನಕ್ಷತ್ರವಾಗಲು ತೂಕ ಸಾಲದೆ, ಗ್ರಹವೂ ಆಗದೆ ನಡುವೆ ಉಳಿದ ಕಂದು ಕುಬ್ಜಗಳಿವೆ. ಅಂಥದ್ದರ ಖಚಿತ ಉದಾಹರಣೆಯನ್ನು 1995ರಲ್ಲಿ ತೋರಿಸಿದ ತಂಡದಲ್ಲಿಯೂ ಅವರಿದ್ದರು.

ಹಾಸನದ ಸೊಸೆ
ಮಿಕ್ಸರ್ ಹಚ್ಚಿ ಎದುರು ನಿಂತು ನೋಡಿಬಂದೆ. ಯಜಮಾನರು ಏನಾಯಿತು ಎಂದು ಕೇಳುತ್ತಿದ್ದಾರೆ.

ಮಲಪ್ರಭೆಯ ಮಗಳು
ನನ್ನದೊಂದು ಬೇರೆ ಮಾತು. ನಮ್ಮ ಅತ್ತೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂ, ಅಂದರೆ ಹೆರಿಗೆ ಮಾಡಿಸುವ ಆರೋಗ್ಯ ಸಹಾಯಕಿ, ಆಗಿದ್ದರು, ಈಗ ನಿವೃತ್ತರು. ಹೆರಿಗೆಯ ನಂತರ ರಕ್ತ ನಿಲ್ಲದೆ ಕಣ್ಣೆದುರೇ ಸತ್ತವರನ್ನು ನೋಡಿದವರು. ಎತ್ತಿನ ಬಂಡಿಯಲ್ಲಿ ಹಾಕಿಕೊಂಡು ಹೊರಟರೆ ದಾರಿಯಲ್ಲೇ ಮುಗಿಯುತ್ತಿತ್ತು ಎನ್ನುತ್ತಾರೆ.

ಇಪ್ಪತ್ತು ವರ್ಷಗಳ ಹಿಂದೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಇದೇ ಜಿಲ್ಲೆಯಲ್ಲಿ ಒಂದು ಪರೀಕ್ಷೆ ನಡೆಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾದ 1,620 ತಾಯಂದಿರು. ಅರ್ಧದಷ್ಟು ಜನರಿಗೆ ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಕೊಟ್ಟವರು ದೊಡ್ಡ ಡಾಕ್ಟರರಲ್ಲ, ಎಎನ್‌ಎಂಗಳು. ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳದೆ, ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಸಿನಲ್ಲಿ ಹಿಡಿದು ಅಳೆದರು. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಜನರಿಗೆ ಅತಿ ರಕ್ತಸ್ರಾವವಾಯಿತು, ಔಷಧ ಪಡೆದವರಲ್ಲಿ 6.4. ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರಿಗೆ ಆಗಬೇಕಿದ್ದ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅಳತೆಯ ಹಾಸಿನ ಕಥೆಯೂ ಮುಗಿದಿಲ್ಲ. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲ 2023ರಲ್ಲಿ ಬಂತು. ಅಂಥ ಹಾಸಿನಿಂದ ಅಳೆದು ತಕ್ಷಣ ಚಿಕಿತ್ಸೆ ಶುರು ಮಾಡಿದ ಕಡೆ ತೀವ್ರ ರಕ್ತಸ್ರಾವದಂಥ ಅನಾಹುತಗಳು ಶೇಕಡಾ 60ರಷ್ಟು ಕಡಿಮೆಯಾದವು.

ಇಂಥದ್ದಕ್ಕೆ ಫ್ಲೆಕ್ಸಿನಲ್ಲಿ ಯಾರ ಫೋಟೊ ಹಾಕುತ್ತೀರಿ? ನೊಬೆಲನ್ನು ಒಂದು ವಿಷಯಕ್ಕೆ ಮೂವರಿಗಿಂತ ಹೆಚ್ಚು ಜನರಿಗೆ ಕೊಡುವುದೇ ಇಲ್ಲ.

ಅಂಕಿಸಂಖ್ಯೆ ಅಕ್ಕ
ತಂಗಿ, ಆ 12 ಮತ್ತು 6.4ರ ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಧೈರ್ಯವಾಗಿ ಹೇಳಲು ಬೇಕಾಗುವುದು ಅದೇ ಸಂಖ್ಯಾಶಾಸ್ತ್ರ. ರಾವ್ ಅವರನ್ನೂ ನಿಮ್ಮ ಅತ್ತೆಯವರನ್ನೂ ಪಕ್ಕಪಕ್ಕದಲ್ಲಿ ಹಾಕಬಹುದು.

ನವನಗರದ ಮಾಸ್ತರ
ಎರಡು ಸಲ ಓದಿದೆ. ನಿಮ್ಮ ಅತ್ತೆಯವರು ಬಾಗಲಕೋಟೆಗೆ ಬಂದು ಮಕ್ಕಳ ಜೊತೆ ಹದಿನೈದು ನಿಮಿಷ ಮಾತನಾಡುತ್ತಾರೆಯೇ? ಬಸ್ ಖರ್ಚು ನನ್ನದು.

ಮಲಪ್ರಭೆಯ ಮಗಳು
ಕೇಳಿದೆ. ‘ಆ ಪರೀಕ್ಷೆಯಲ್ಲಿ ನಾನಿರಲಿಲ್ಲ, ಅದು ಬೇರೆ ಆರೋಗ್ಯ ಕೇಂದ್ರಗಳಲ್ಲಿ ನಡೆದದ್ದು. ಮಾತ್ರೆ ಬರುವ ಮೊದಲು ಹೇಗಿತ್ತು ಎಂದು ಬೇಕಾದರೆ ಹೇಳುತ್ತೇನೆ’ ಎಂದರು. ಜೊತೆಗೆ ‘ನನಗೆ ಭಾಷಣ ಬರುವುದಿಲ್ಲ’ ಎಂದೂ. ಬರುತ್ತಾರೆ ಎಂದು ಇಟ್ಟುಕೊಳ್ಳಿ.

ಗೋಳಗುಮ್ಮಟ
ಭಾಸ್ಕರರನ್ನು ಕಾಕಾ ಒಯ್ದರು. ಹಳಕಟ್ಟಿಯವರನ್ನು ಒಯ್ಯಲು ಬಿಡುವುದಿಲ್ಲ. ಫ.ಗು. ಹಳಕಟ್ಟಿ ಹುಟ್ಟಿದ್ದು ಧಾರವಾಡದಲ್ಲಿ, 1880ರಲ್ಲಿ (ಕಾಕಾ ಹೇಳುವ ಮೊದಲು ನಾನೇ ಹೇಳಿಬಿಟ್ಟೆ), ಆದರೆ ಬದುಕಿದ್ದು, ದುಡಿದದ್ದು ವಿಜಯಪುರದಲ್ಲಿ. ವಕೀಲಿ ವೃತ್ತಿ. ಮನೆಮನೆ ಅಲೆದು ತಾಡೋಲೆ ಕಟ್ಟುಗಳನ್ನು ಕೂಡಿಸಿದರು, ಪಾಠ ಹೋಲಿಸಿದರು, ಅಚ್ಚು ಹಾಕಿಸಲು ಸ್ವಂತ ಮನೆ ಮಾರಿ ಮುದ್ರಣಾಲಯ ತೆರೆದರು. ಇಂದು ನಾವು ಬಾಯಿಪಾಠ ಹೇಳುವ ವಚನಗಳಲ್ಲಿ ಎಷ್ಟೋ ಅವರ ಕೈ ದಾಟಿ ಬಂದವು. ಅಂತರರಾಷ್ಟ್ರೀಯ ಪ್ರಶಸ್ತಿ ಯಾವುದೂ ಬರಲಿಲ್ಲ. ಸಂಶೋಧನೆ ಎಂದರೆ ಪ್ರಯೋಗಾಲಯ ಒಂದೇ ಏನು?

ಟಿಳಕವಾಡಿ ಕಾಕಾ
ಇದಕ್ಕೆ ನನ್ನ ತಕರಾರಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ವಿಜಯಪುರಕ್ಕೆ ಬಂದಾಗ, ಗೋಳಗುಮ್ಮಟ ಆಮೇಲೆ, ಮೊದಲು ಹಳಕಟ್ಟಿಯವರ ಮನೆ ತೋರಿಸಿ ಎಂದರಂತೆ. ನಮ್ಮ ತಂದೆ ಈ ಮಾತನ್ನು ಹೇಳುತ್ತಿದ್ದರು.

ಗೋಳಗುಮ್ಮಟ
ಕಾಕಾ, ನಿಮ್ಮ ಎಲ್ಲ ಅಪರಾಧ ಮಾಫಿ.

ಕುಂದಾಪ್ರಿಯ
ಗಣಿತಕ್ಕೆ ನೊಬೆಲ್ ಏಕಿಲ್ಲ ಗೊತ್ತೇ? ನೊಬೆಲ್ ಅವರ ಹೆಂಡತಿ ಒಬ್ಬ ಗಣಿತಜ್ಞನ ಜೊತೆ ಓಡಿಹೋದಳಂತೆ.

ಟಿಳಕವಾಡಿ ಕಾಕಾ
ನೊಬೆಲ್ ಮದುವೆಯೇ ಆಗಿರಲಿಲ್ಲ. ಇಲ್ಲದ ಹೆಂಡತಿ ಹೇಗೆ ಓಡುತ್ತಾಳೆ? ಗಣಿತಕ್ಕೆ ಫೀಲ್ಡ್ಸ್ ಪದಕ ಇದೆ, ನಾಲ್ಕು ವರ್ಷಕ್ಕೊಮ್ಮೆ, ನಲವತ್ತರ ಒಳಗಿನವರಿಗೆ. ಭಾರತ ಮೂಲದ ಮಂಜುಲ್ ಭಾರ್ಗವ 2014ರಲ್ಲಿ, ಅಕ್ಷಯ್ ವೆಂಕಟೇಶ್ 2018ರಲ್ಲಿ ಪಡೆದರು. ವಯಸ್ಸಿನ ಕಟ್ಟು ಇಲ್ಲದ ಅಬೆಲ್ ಪ್ರಶಸ್ತಿ 2007ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ಎಸ್.ಆರ್. ಶ್ರೀನಿವಾಸ ವರಧನ್ ಅವರಿಗೆ ಬಂತು. ಅಂದಹಾಗೆ 2018ರಲ್ಲಿ ಬ್ರೆಜಿಲ್‌ನಲ್ಲಿ ಪದಕ ಪಡೆದ ಕೌಚರ್ ಬಿರ್ಕರ್ ಅವರ ಪದಕವನ್ನು ಸಭೆ ಮುಗಿಯುವಷ್ಟರಲ್ಲಿ ಕದ್ದರು. ಮತ್ತೊಂದು ಕೊಡಬೇಕಾಯಿತು.

ಖಣದಂಗಡಿ
ನಮ್ಮಲ್ಲಿ ಪದಕ ಕದಿಯುವುದಿಲ್ಲ, ಶಾಲು ಮಾತ್ರ ತಿರುಗುತ್ತದೆ. ಒಂದು ಊರಿನ ಸನ್ಮಾನಕ್ಕೆ ನಾನೇ ಕೊಟ್ಟ ಶಾಲು ಎಂಟು ತಿಂಗಳ ನಂತರ ಇನ್ನೊಂದು ಸಭೆಯಲ್ಲಿ ನನಗೇ ಹೊದಿಸಿದರು. ಅಂಚಿನ ಮೇಲಿನ ಎಣ್ಣೆಯ ಕಲೆಯಿಂದ ಗುರುತು ಹಿಡಿದೆ.

ಹೆಸರು ಬೇಡ
ನಾನು ಪಿಎಚ್‌.ಡಿ. ವಿದ್ಯಾರ್ಥಿನಿ. ಎಲ್ಲಿ ಎಂದು ಹೇಳುವುದಿಲ್ಲ. ಹೋದ ವರ್ಷ ಶಿಷ್ಯವೇತನ ಏಳು ತಿಂಗಳು ಬರಲಿಲ್ಲ. ವಿಚಾರಿಸಲು ಹೋದಾಗ ಆ ಕಚೇರಿಯ ಗೋಡೆಯ ಮೇಲೆ ನೊಬೆಲ್ ವಿಜೇತರ ಸಾಲು ಫೋಟೊ ನೋಡುತ್ತ ಒಂದೂವರೆ ಗಂಟೆ ನಿಂತೆ. ರಾಮನ್, ಖುರಾನಾ, ಚಂದ್ರಶೇಖರ್. ಎಲ್ಲರಿಗೂ ಹೊಸ ಚೌಕಟ್ಟು ಹಾಕಿಸಿದ್ದರು.

ವಿಜ್ಞಾನಿ ಕ್ಯಾಟಲಿನ್ ಕರಿಕೊ ಅವರನ್ನು 1995ರಲ್ಲಿ ಅವರ ವಿಶ್ವವಿದ್ಯಾಲಯ ಕೆಳಗಿನ ಹುದ್ದೆಗೆ ಇಳಿಸಿತು. ಅವರು ಎಂಆರ್‌ಎನ್‌ಎ (ಜೀವಕೋಶಕ್ಕೆ ಪ್ರೋಟೀನ್ ತಯಾರಿಸಲು ಸೂಚನೆ ಒಯ್ಯುವ ಅಣು) ಮೇಲಿನ ಕೆಲಸ ಬಿಡಲಿಲ್ಲ. ಕೋವಿಡ್ ಲಸಿಕೆ ಆ ದಾರಿಯಲ್ಲಿ ಬಂತು, 2023ರಲ್ಲಿ ನೊಬೆಲ್ ಬಂತು. ಎಲ್ಲರೂ ಇದನ್ನು ಸ್ಫೂರ್ತಿಯ ಕಥೆಯಾಗಿ ಹೇಳುತ್ತಾರೆ. ನನಗೆ ಮಾತ್ರ, ಬಿಟ್ಟುಹೋದ ಎಷ್ಟು ಕರಿಕೊಗಳು ಇದ್ದಾರೋ ಎನ್ನಿಸುತ್ತದೆ.

ಘಟಪ್ರಭಾ
ತಂಗಿ, ನಾನು ಹೇಳಬೇಕೆಂದಿದ್ದೂ ಇದನ್ನೇ, ಹೇಳಲು ಬರಲಿಲ್ಲ. ಶಿಷ್ಯವೇತನ ಬಂತೇ?

ಹೆಸರು ಬೇಡ
ಐದು ತಿಂಗಳಿನದು ಬಂದಿದೆ.

ಕುಂದಾಪ್ರಿಯ
ವಾತಾವರಣ ಗಂಭೀರವಾಯಿತು, ಮಕ್ಕಳಿಗೆ ಒಂದು ನಗೆಯ ಪ್ರಶಸ್ತಿ ಹೇಳುತ್ತೇನೆ. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಇಗ್ ನೊಬೆಲ್ ಕೊಡುತ್ತಾರೆ. 2001ರಲ್ಲಿ ಅದು ಬೆಂಗಳೂರಿನ ನಿಮ್ಹಾನ್ಸ್‌ನ ಇಬ್ಬರು ವೈದ್ಯರಿಗೆ ಬಂತು. ವಿಷಯ: ಹದಿಹರೆಯದವರು ಮೂಗಿನಲ್ಲಿ ಬೆರಳು ಹಾಕುವುದು. ಕರ್ನಾಟಕದ ಹೆಮ್ಮೆ!

ಟಿಳಕವಾಡಿ ಕಾಕಾ
ಈ ಸಲ ನಿನ್ನ ಮಾತು ನಿಜ ತಮ್ಮಾ. ತಿದ್ದಲು ಏನೂ ಸಿಗಲಿಲ್ಲ.

ನವನಗರದ ಮಾಸ್ತರ
ವಿಜ್ಞಾನ ದಿನ ನಿನ್ನೆ ಮುಗಿಯಿತು. ವರದಿ ಒಪ್ಪಿಸುತ್ತೇನೆ.

ಫ್ಲೆಕ್ಸಿನಲ್ಲಿ ಕೊನೆಗೆ ನಾಲ್ಕು ಚಿತ್ರ: ರಾಮನ್, ಸಿ.ಆರ್. ರಾವ್, ಕುಲಕರ್ಣಿ, ಹಳಕಟ್ಟಿ. ಐದನೆಯದು ಅಧ್ಯಕ್ಷರದು, ಕೆಳಗೆ ಬಲಮೂಲೆಯಲ್ಲಿ, ಕೈಮುಗಿದದ್ದು. ಅದು ತಪ್ಪಲಿಲ್ಲ. ಮುದ್ರಕರು ರಾವ್ ಅವರ ಕೆಳಗೆ ‘ಸಂಖ್ಯಾಶಾಸ್ತ್ರ’ದ ಬದಲು ‘ಸಾಂಖ್ಯಶಾಸ್ತ್ರ’ ಎಂದು ಅಚ್ಚು ಹಾಕಿದ್ದರು. ಕನ್ನಡದ ಅಕ್ಕನವರು ಕುರ್ಚಿ ಹತ್ತಿ ಮಾರ್ಕರಿನಿಂದ ತಿದ್ದಿದರು.

ಮಲಪ್ರಭೆಯ ಮಗಳ ಅತ್ತೆಯವರು ಬಂದಿದ್ದರು. ಭಾಷಣ ಬರುವುದಿಲ್ಲ ಎಂದವರು ನಲವತ್ತು ನಿಮಿಷ ಮಾತನಾಡಿದರು. ಹೆರಿಗೆಯ ಮಾತು ಗಂಡುಮಕ್ಕಳ ಎದುರು ಬೇಕಿತ್ತೇ ಎಂದು ಒಬ್ಬರು ಮುಖ ಗಂಟಿಕ್ಕಿದರು. ಗಂಡುಮಕ್ಕಳು ಮಾತ್ರ ಉಸಿರು ಬಿಡದೆ ಕೇಳಿದರು. ಅಮೀನಗಡದ ಕರದಂಟು ಕೊಟ್ಟು ಕಳುಹಿಸಿದೆವು, ಶಾಲು ಹೊದಿಸಲಿಲ್ಲ.

ಜೋಳದ ಕಾಳಿನ ಆಟ ಚೆನ್ನಾಗಿ ನಡೆಯಿತು. ಎರಡು ಬಕೆಟ್ ಜೋಳದಲ್ಲಿ ಕೆಂಪು ಬಣ್ಣ ಹಚ್ಚಿದ ಕಾಳು ಬೆರೆಸಿ, ಹಿಡಿಯಷ್ಟು ತೆಗೆದು ಅಂದಾಜು ಮಾಡಿಸಿದೆ. ದೊಡ್ಡ ಹಿಡಿ ತೆಗೆದವರು ಸತ್ಯಕ್ಕೆ ಹತ್ತಿರ ಬಂದರು. ಮೂಗಿನ ಪ್ರಶಸ್ತಿ ಹೇಳಿದ ಮೇಲೆ ಐದು ನಿಮಿಷ ಸಭೆ ನನ್ನ ಕೈಯಲ್ಲಿರಲಿಲ್ಲ.

ಈಗ ಹೊಸ ಪೇಚು. ಮಿಕ್ಸರ್ ಹಚ್ಚಿ 642 ಸುತ್ತಿನ ಕಥೆ ಹೇಳಿದೆ. ಎಂಟನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘ಸರ್, ಒಂದು ಸೆಕೆಂಡಿನಲ್ಲಿ 642 ಎಂದು ಎಣಿಸಿದವರು ಯಾರು? ನಮಗೆ ಮಿಕ್ಸರಿನದೇ ಎಣಿಸಲು ಬರುವುದಿಲ್ಲ.’ ಶುಕ್ರವಾರ ಹೇಳುತ್ತೇನೆ ಎಂದು ತಪ್ಪಿಸಿಕೊಂಡಿದ್ದೇನೆ. ದುರ್ಬೀನು ಅವರೇ, ಎಲ್ಲಿದ್ದೀರಿ?

ಜಮಖಂಡಿ ದುರ್ಬೀನು
ಆ ಹುಡುಗಿ ಕೇಳಿದ ಪ್ರಶ್ನೆಯೇ ಆ ಸಂಶೋಧನೆಯ ಗಂಟು. ಆಕಾಶದ ಆ ಮೂಲೆಯಲ್ಲಿ ಏನೋ ಇದೆ ಎಂಬ ಸಂಶಯ ಮೊದಲೇ ಇತ್ತು, ಹುಡುಕಿದಾಗ ಮಿಡಿತ ಸಿಗಲಿಲ್ಲ. ಏಕೆಂದರೆ ಅಷ್ಟು ಬೇಗಬೇಗ ದಾಖಲಿಸುವ ವ್ಯವಸ್ಥೆ ಇಟ್ಟಿರಲಿಲ್ಲ. ಇಷ್ಟು ವೇಗದ ಪಲ್ಸಾರ್ ಇರಬಹುದೆಂದು ಯಾರಿಗೂ ಅನ್ನಿಸಿರಲಿಲ್ಲ. ಇವರು ಪೋರ್ಟೊರಿಕೊದ ಅರೆಸಿಬೊದಲ್ಲಿದ್ದ 305 ಮೀಟರ್ ಅಗಲದ ರೇಡಿಯೊ ದೂರದರ್ಶಕದಲ್ಲಿ ಸೆಕೆಂಡನ್ನು ಸಾವಿರಾರು ತುಂಡು ಮಾಡಿ ದಾಖಲಿಸಿದರು. ಆಗ ಮಿಡಿತ ಬಿಡಿಬಿಡಿಯಾಗಿ ಕಂಡಿತು.

ತೋರಿಸುವುದು ಸುಲಭ. ಫ್ಯಾನ್ ಜೋರಾಗಿ ಹಚ್ಚಿ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಮಾಮೂಲು ವಿಡಿಯೊದಲ್ಲಿ ರೆಕ್ಕೆ ನಿಂತಂತೆಯೋ ಹಿಂದಕ್ಕೆ ತಿರುಗಿದಂತೆಯೋ ಕಾಣಬಹುದು. ಕ್ಯಾಮೆರಾ ಸೆಕೆಂಡಿಗೆ ಮೂವತ್ತು ಸಲ ಮಾತ್ರ ಕಣ್ಣು ತೆರೆಯುತ್ತದೆ, ನಡುವಿನದು ತಪ್ಪಿಹೋಗುತ್ತದೆ. ಅದೇ ಮೊಬೈಲಿನ ಸ್ಲೋ ಮೋಷನ್ ಹಾಕಿದರೆ ಒಂದೊಂದು ಸುತ್ತನ್ನೂ ಎಣಿಸಬಹುದು. ಒಂದು ರೆಕ್ಕೆಗೆ ಬಿಳಿ ಪಟ್ಟಿ ಅಂಟಿಸಲು ಮರೆಯಬೇಡಿ.

ನವನಗರದ ಮಾಸ್ತರ
ಬಹಳ ಉಪಕಾರ. ಒಂದೇ ತೊಂದರೆ. ನಮ್ಮ ತರಗತಿಯ ಫ್ಯಾನಿನ ಸುತ್ತುಗಳನ್ನು ಬರಿಗಣ್ಣಿನಿಂದಲೇ ಎಣಿಸಬಹುದು.

ಖಣದಂಗಡಿ
ನಮ್ಮ ಅಂಗಡಿಯ ಟೇಬಲ್ ಫ್ಯಾನ್ ಒಯ್ಯಿರಿ, ಗಲ್ಲೆಯ ಮೇಲಿನ ನೋಟು ಹಾರಿಸುವಷ್ಟು ಜೋರಿದೆ. ಗುರುವಾರ ಸಂಜೆ ಗುಳೇದಗುಡ್ಡದ ಬಸ್ಸಿನಲ್ಲಿ ಹುಡುಗನ ಕೈಯಲ್ಲಿ ಕಳುಹಿಸುತ್ತೇನೆ. ಪಟ್ಟಿ ಅಂಟಿಸಿದ್ದನ್ನು ಕಿತ್ತು ಶನಿವಾರದೊಳಗೆ ವಾಪಸು ಮಾಡಿ. ಬಿಸಿಲು ಶುರುವಾಗಿದೆ.